ಓದಿ ಕೇಳಿಸಿದ ಮೇಲೆ ಹೆಬ್ಬೆಟ್ಟು

ನಮ್ಮಜ್ಜ ಬ್ಯಾಡಗಿಯಲ್ಲಿ ಬಾಂಡ್ ಬರೆಯುತ್ತಿದ್ದರು. ಬೆಳಿಗ್ಗೆ ಕದರಮಂಡಲಗಿಯ ಕಾಂತೇಶನಿಗೆ ಕೈಮುಗಿದು ಹೊರಟರೆ ಮನೆ ಸೇರುವುದು ಹೊತ್ತು ಮುಳುಗಿದ ಮೇಲೆಯೇ. ಸಾಲಪತ್ರ, ಖರೀದಿಪತ್ರ, ವಾಟ್ನಿಪತ್ರ ಯಾವುದೇ ಇರಲಿ, ಕೊನೆಗೆ ಒಂದು ಮಾತು ಬರಲೇಬೇಕು: ಓದಿಸಿ ಕೇಳಿ, ತಿಳಿದು, ರಾಜಿಖುಷಿಯಿಂದ ಬರೆಸಿಕೊಟ್ಟದ್ದು. ಆ ಮಾತು ಸುಳ್ಳಾಗಬಾರದೆಂದು ಅಜ್ಜ ಇಡೀ ಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದರು. ಸರ್ವೆ ನಂಬರು, ಚಕ್ಕುಬಂದಿ, ಬಡ್ಡಿ, ವಾಯಿದೆ, ಒಂದನ್ನೂ ಬಿಡದೆ. ಮಸಿಯ ಪ್ಯಾಡು ಮುಂದೆ ಸರಿಯುತ್ತಿದ್ದುದು ಆಮೇಲೆ.

ಹೀಗೆ ಓದಿ ಹೇಳುವುದು ಕಾನೂನಾಗಬೇಕಾದರೆ ಬೆಂಕಿಯೇ ಬೀಳಬೇಕಾಯಿತು. 1875ರಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ಎದ್ದು ಸಾಲಪತ್ರಗಳನ್ನು ಸುಟ್ಟರು. ದಂಗೆ ಸುತ್ತಲ ಹಳ್ಳಿಗಳಿಗೂ ಹಬ್ಬಿತು. ನಾಲ್ಕು ವರ್ಷಕ್ಕೆ, 1879ರಲ್ಲಿ, ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಪುಣೆ, ಸಾತಾರ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಲ್ಲಿ ಅದು ಗ್ರಾಮ ರಿಜಿಸ್ಟ್ರಾರರನ್ನು ನೇಮಿಸಿತು. ರೈತ ಬರೆದುಕೊಡುವ ಪತ್ರವನ್ನು ಅವರು ಓದಿ ಹೇಳಬೇಕು, ಅವನಿಗೆ ತಿಳಿಯಿತೋ ಇಲ್ಲವೋ ನೋಡಬೇಕು. ಆಗಿನ ನಮ್ಮ ಧಾರವಾಡ ಜಿಲ್ಲೆ ಆ ನಾಲ್ಕರಲ್ಲಿ ಇರಲಿಲ್ಲ, ಆದರೆ ಇದ್ದದ್ದು ಅದೇ ಮುಂಬಯಿ ಪ್ರಾಂತದಲ್ಲಿ. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ ಎಂದು 1872ರ ಕರಾರು ಕಾಯ್ದೆ ಮೊದಲೇ ಹೇಳಿತ್ತು.

ನಾನೀಗ ಊರಲ್ಲೇ ಕಂಪ್ಯೂಟರ್ ಅಂಗಡಿ ಇಟ್ಟಿದ್ದೇನೆ. ಹೆಬ್ಬೆಟ್ಟು ಈಗಲೂ ಒತ್ತುತ್ತಾರೆ, ಗಾಜಿನ ಮೇಲೆ. ಯಾವುದಾದರೂ ತಾಣ ತೆರೆದರೆ ಕುಕಿಗೆ ಒಪ್ಪಿಗೆ ಕೊಡಿ ಎಂದು ಇಂಗ್ಲಿಷಿನ ಪಟ್ಟಿಯೊಂದು ಮೇಲೇಳುತ್ತದೆ. ಕುಕಿ ಎಂದರೆ ತಾಣವು ನಮ್ಮ ಯಂತ್ರದಲ್ಲಿ ಇಟ್ಟುಹೋಗುವ ಸಣ್ಣ ಚೀಟಿ. 1994ರಲ್ಲಿ ನೆಟ್‌ಸ್ಕೇಪಿನ ಲೂ ಮಾಂಟುಲಿ ಅದನ್ನು ಮಾಡಿದ್ದು, ಗಿರಾಕಿ ಏನೇನು ಆರಿಸಿದ್ದಾನೆಂದು ಅಂಗಡಿಗೆ ನೆನಪಿರಲಿ ಎಂದು. ಮುಂದೆ ಜಾಹೀರಾತಿನವರು ಅದನ್ನೇ ಹಿಡಿದು, ತಾಣದಿಂದ ತಾಣಕ್ಕೆ ಮನುಷ್ಯನ ಬೆನ್ನು ಹತ್ತಿದರು. ಯುರೋಪು 2009ರಲ್ಲಿ ಮೊದಲು ಒಪ್ಪಿಗೆ ಕೇಳಿ ಎಂದಿತು. ಮೊದಲೇ ಗುರುತು ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು 2019ರಲ್ಲಿ ಅಲ್ಲಿಯ ನ್ಯಾಯಾಲಯ ತೀರ್ಪು ಕೊಟ್ಟಿತು.

ನಮ್ಮಲ್ಲಿ ದಾರಿ ತೆರೆದವರು ಕನ್ನಡ ನಾಡಿನವರೇ ಎಂಬುದು ನನಗೆ ಹೆಮ್ಮೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು. ಕುಕಿಯ ಹೆಸರು ಕಾಯ್ದೆಯಲ್ಲಿಲ್ಲ. ಆದರೆ ಒಪ್ಪಿಗೆ ಕೇಳುವ ನೋಟಿಸನ್ನು ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕೆಂದರೂ ಓದಲು ಸಿಗಬೇಕು, ಕನ್ನಡದಲ್ಲೂ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ಹಿಂದಕ್ಕೆ ಪಡೆಯಲು ಬರಬೇಕು. ತಕರಾರು ಎದ್ದರೆ ಸರಿಯಾಗಿ ಕೇಳಿದ್ದೆವೆಂದು ತೋರಿಸಬೇಕಾದವರು ಮಾಹಿತಿ ಪಡೆದವರು. ಅಜ್ಜನ ಕೊನೆಯ ಸಾಲಿನ ಭಾರ ಹೀಗೆ ಬರೆಸಿಕೊಂಡವರ ಹೆಗಲಿಗೆ ಬಿತ್ತು. ಈ ಕಲಮುಗಳ ಜಾರಿಗೆ ನಿಯಮ ಬಂದಂದಿನಿಂದ 18 ತಿಂಗಳ ವಾಯಿದೆ.

ಹೋದ ಸುಗ್ಗಿಯಲ್ಲಿ ಒಬ್ಬ ಆಯಿ ಮೆಣಸಿನಕಾಯಿ ಧಾರಣೆ ನೋಡಿಸಲು ಬಂದಿದ್ದಳು. ಪಟ್ಟಿ ಎದ್ದಿತು.

“ಏನ್ ಕೇಳಾಕತ್ತೈತಿ ತಮ್ಮಾ? ಓದಿ ಹೇಳು.”

ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಹಿಂದೆ ಮೂವರು ಕಾಯುತ್ತಿದ್ದರು. ಆಯಿ ಎಲ್ಲ ಕೇಳಿದಳು.

“ಬ್ಯಾಡ ಅನ್ನೂದು ಎಲ್ಲಿ ಒತ್ತಬೇಕು?”

ಅದು ಮೊದಲ ಪುಟದಲ್ಲಿ ಇರಲಿಲ್ಲ. ಇಬ್ಬರೂ ಹುಡುಕತೊಡಗಿದೆವು.