ಆಚೆ ದಡ, ಈಚೆ ದಡ: ಥೇಮ್ಸ್ ನದಿಯ ಎರಡು ಲಂಡನ್ನುಗಳು

ಲಂಡನ್ನಿನಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿರುವ ನಗೆಮಾತೊಂದಿದೆ. ರಾತ್ರಿ ಹೊತ್ತು ಉತ್ತರ ದಂಡೆಯಲ್ಲಿ ಕಪ್ಪು ಟ್ಯಾಕ್ಸಿಗೆ ಕೈ ಅಡ್ಡ ಹಿಡಿದು ದಕ್ಷಿಣದ ಯಾವುದೋ ಬಡಾವಣೆಯ ಹೆಸರು ಹೇಳಿದರೆ, ಚಾಲಕ 'ಈ ಹೊತ್ತಿನಲ್ಲಿ ನದಿ ದಾಟೋದಾ? ಆಗಲ್ಲ ಸ್ವಾಮಿ' ಎಂದು ಗಾಜು ಏರಿಸುತ್ತಾನಂತೆ. ಗೊತ್ತುಪಡಿಸಿದ ದೂರದೊಳಗಿನ ಬಾಡಿಗೆಯನ್ನು ಸಕಾರಣವಿಲ್ಲದೆ ನಿರಾಕರಿಸುವುದು ಅಲ್ಲಿ ಕಾನೂನಿಗೆ ವಿರುದ್ಧ. ಆದರೂ ಈ ಮಾತನ್ನು ಉತ್ತರದವರು ಹೆಮ್ಮೆಯಿಂದಲೂ ದಕ್ಷಿಣದವರು ಹುಸಿಮುನಿಸಿನಿಂದಲೂ ಹೇಳಿಕೊಳ್ಳುತ್ತಲೇ ಬಂದಿದ್ದಾರೆ.

ಎರಡು ದಂಡೆಗಳ ಈ ಪೈಪೋಟಿಯನ್ನು ಸಾಮಾನ್ಯವಾಗಿ ಜನರ ಸ್ವಭಾವಕ್ಕೆ ಕಟ್ಟುವುದುಂಟು: ಉತ್ತರದವರು ಬಿಂಕದವರು, ದಕ್ಷಿಣದವರು ಒರಟರು, ನದಿ ಮನಸ್ಸುಗಳನ್ನು ಬೇರೆ ಮಾಡಿತು, ಇತ್ಯಾದಿ. ಈ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ನದಿ ತಾನಾಗಿ ಯಾರನ್ನೂ ಬೇರ್ಪಡಿಸಲಿಲ್ಲ. ಅದನ್ನು ದಾಟುವ ಹಕ್ಕು ಯಾರ ಕೈಯಲ್ಲಿತ್ತು, ದಾಟಲು ಎಷ್ಟು ತೆರಬೇಕಿತ್ತು, ದಾಟಿದ ಮೇಲೆ ಯಾರ ಆಳ್ವಿಕೆಗೆ ಒಳಪಡಬೇಕಿತ್ತು ಎಂಬ ಮೂರು ಸಂಗತಿಗಳು ಲಂಡನ್ನನ್ನು ಎರಡಾಗಿ ಸೀಳಿದವು. ದಾಟುವುದು ಸಲೀಸಾದ ಕಡೆ ಹಳೆಯ ಬಿರುಕು ತಮಾಷೆಯಾಗಿ ಮಾರ್ಪಟ್ಟಿತು. ಆಗದ ಕಡೆ ಅದು ದೂರಾಗಿಯೇ ಉಳಿಯಿತು. ಪ್ರಸ್ತುತ ಲೇಖನದ ವಾದ ಇಷ್ಟೇ.

ಕಲ್ಲಿನ ಲಂಡನ್ ಸೇತುವೆಯ ಕೆಲಸ 1176ರಲ್ಲಿ ಆರಂಭವಾಗಿ 1209ರಲ್ಲಿ ಮುಗಿಯಿತು. 1729ರಲ್ಲಿ ಪುಟ್ನಿಯ ಮರದ ಸೇತುವೆ ಆಗುವವರೆಗೆ, ಅಂದರೆ ಐದು ಶತಮಾನಗಳಿಗೂ ಹೆಚ್ಚು ಕಾಲ, ನಗರಕ್ಕಿದ್ದ ಸೇತುವೆ ಅದೊಂದೇ. ಅದರ ದಕ್ಷಿಣ ತುದಿಯಲ್ಲಿದ್ದ ಸದರ್ಕ್ ಸರ್ರಿ ಕೌಂಟಿಗೆ ಸೇರಿತ್ತು. ಉತ್ತರದ ನಗರದ ಸುತ್ತಲಿದ್ದದ್ದು ಮಿಡ್ಲ್‌ಸೆಕ್ಸ್ ಕೌಂಟಿ. ಸದರ್ಕ್‌ನೊಳಗೆ ಕ್ಲಿಂಕ್ ಎಂಬ ಪ್ರತ್ಯೇಕ ಹೋಬಳಿಯಿತ್ತು. ಅಲ್ಲಿ ನಡೆಯುತ್ತಿದ್ದದ್ದು ನಗರಸಭೆಯ ಆಜ್ಞೆಯಲ್ಲ, ವಿಂಚೆಸ್ಟರಿನ ಬಿಷಪ್ಪನದು. 1550ರಲ್ಲಿ ಆರನೇ ಎಡ್ವರ್ಡ್ ದೊರೆಯಿಂದ ಲಂಡನ್ ನಗರಸಭೆ ಸದರ್ಕ್‌ನ ಮೇಲಿನ ಅಧಿಕಾರವನ್ನು ಹಣ ಕೊಟ್ಟು ಪಡೆದಾಗಲೂ ಕ್ಲಿಂಕ್ ಮತ್ತು ಪ್ಯಾರಿಸ್ ಗಾರ್ಡನ್ ಎಂಬ ಎರಡು ತುಣುಕುಗಳು ಕೈಗೆ ಸಿಗಲಿಲ್ಲ. ನಗರದೊಳಗೆ ಸಲ್ಲದ್ದೆಲ್ಲ ಅಲ್ಲಿಗೆ ಹೋಗಿ ನೆಲೆಯೂರಿತು: ಬಿಷಪ್ಪನ ಕಟ್ಟಳೆಗಳ ಅಡಿಯಲ್ಲೇ ನಡೆಯುತ್ತಿದ್ದ ವೇಶ್ಯಾಗೃಹಗಳು, ಕಟ್ಟಿಹಾಕಿದ ಕರಡಿಯ ಮೇಲೆ ನಾಯಿಗಳನ್ನು ಛೂ ಬಿಡುವ ಅಖಾಡಗಳು, ಸೆರೆಮನೆಗಳು, ಪಕ್ಕದ ಬರ್ಮಂಡ್ಸಿಯಲ್ಲಿ ನಾರುವ ಚರ್ಮ ಹದ ಮಾಡುವ ಹೊಂಡಗಳು. ಉತ್ತರದ ಶ್ರೀಮಂತ ಮನೆಗೆ ದಕ್ಷಿಣ ಹಿತ್ತಲಾಯಿತು. ಹಿತ್ತಲಿಗೆ ಕದ್ದು ಹೋಗಿ ಬರುವವರೇ ಹಿತ್ತಲನ್ನು ಹೆಚ್ಚು ಹಳಿಯುತ್ತಾರೆ.

ನಾಟಕದ ಕತೆಯೂ ಇದೇ ಜಾಡಿನದು. ರೋಸ್ ರಂಗಮಂದಿರ 1587ರಲ್ಲಿ ಕ್ಲಿಂಕ್‌ನಲ್ಲಿ ಎದ್ದಿತು. 1598ರ ಡಿಸೆಂಬರ್ 28ರಂದು ಬರ್ಬೇಜ್ ಸಹೋದರರ ಕಡೆಯವರು ಉತ್ತರದ ಶೋರ್ಡಿಚ್‌ನಲ್ಲಿದ್ದ ತಮ್ಮ ಹಳೆಯ ರಂಗಮಂದಿರವನ್ನು ಬಿಚ್ಚತೊಡಗಿದರು. ಜಾಗದ ಗುತ್ತಿಗೆ ಮುಗಿದು ಮಾಲೀಕನ ಜೊತೆ ತಕರಾರು ನಡೆದಿತ್ತು. ಆ ತೊಲೆಗಳು ನದಿ ದಾಟಿ 1599ರ ಹೊತ್ತಿಗೆ ಗ್ಲೋಬ್ ಆದವು. ಶೇಕ್ಸ್‌ಪಿಯರನ ನಾಟಕಗಳು ಮೆರೆದದ್ದು ಹೀಗೆ ಉತ್ತರದ ಮರ, ದಕ್ಷಿಣದ ನೆಲ ಸೇರಿದ ಕಟ್ಟಡದಲ್ಲಿ. ಪ್ರೇಕ್ಷಕರಲ್ಲಿ ಬಹುಮಂದಿ ಉತ್ತರದವರು. ಅವರನ್ನು ದಾಟಿಸುತ್ತಿದ್ದವರು ಥೇಮ್ಸ್‌ನ ಅಂಬಿಗರು. 1614ರ ಸುಮಾರಿಗೆ ಈ ಅಂಬಿಗರು ದೊರೆಗೊಂದು ಅಹವಾಲು ಸಲ್ಲಿಸಿದರು: ಮಿಡ್ಲ್‌ಸೆಕ್ಸ್ ಕಡೆ ನಾಟಕಶಾಲೆಗಳಿಗೆ ಅನುಮತಿ ಕೊಡಬಾರದು, ಕೊಟ್ಟರೆ ನಮ್ಮ ಹೊಟ್ಟೆಪಾಡು ಹೋಗುತ್ತದೆ ಎಂದು. ಅವರ ಪರವಾಗಿ ನಿಂತವನು ಸ್ವತಃ ದೋಣಿ ನಡೆಸುತ್ತಿದ್ದ ಕವಿ ಜಾನ್ ಟೇಲರ್. ಎರಡು ದಂಡೆಗಳು ಬೇರೆಬೇರೆ ಗುಣದವಾಗಿಯೇ ಇರಲಿ ಎಂದು ಬಯಸಿದ ಒಂದು ವರ್ಗ ಇತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. 1750ರಲ್ಲಿ ವೆಸ್ಟ್‌ಮಿನ್ಸ್ಟರ್ ಸೇತುವೆ ತೆರೆದಾಗಲೂ ಅಂಬಿಗರಿಗೆ ಪರಿಹಾರ ಕೊಡಬೇಕಾಯಿತು. ಲ್ಯಾಂಬೆತ್‌ನಲ್ಲಿ ಕುದುರೆ ಸಾಗಿಸುವ ಕಡವಿನ ಆದಾಯ ಕಳೆದುಕೊಂಡ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪನಿಗೂ ಪರಿಹಾರ ಸಂದಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಸೇತುವೆಗಳು ಸಾಲುಗಟ್ಟಿ ಬಂದವು, ಆದರೆ ಹಲವದರ ಬಾಯಲ್ಲಿ ಸುಂಕದ ಕಟ್ಟೆ ಇತ್ತು. ಖಾಸಗಿ ಕಂಪನಿಗಳು ಕಟ್ಟಿದ ಈ ಸೇತುವೆಗಳಲ್ಲಿ ನಡೆದು ಹೋಗುವವನೂ ಕಾಸು ತೆರಬೇಕಿತ್ತು. 1877ರ ಕಾಯಿದೆಯ ಬಲದಿಂದ ಮಹಾನಗರ ಕಾಮಗಾರಿ ಮಂಡಳಿ ಅವನ್ನು ಕೊಂಡು ಒಂದೊಂದಾಗಿ ಸುಂಕ ತೆಗೆಯಿತು. ವಾಟರ್‌ಲೂ ಸೇತುವೆ 1878ರಲ್ಲಿ ಮುಕ್ತವಾಯಿತು. 1889ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಸ್ಥಾಪನೆಯಾಗಿ ಮಿಡ್ಲ್‌ಸೆಕ್ಸ್, ಸರ್ರಿ, ಕೆಂಟ್ ಕೌಂಟಿಗಳ ಭಾಗಗಳು ಒಂದೇ ಆಡಳಿತಕ್ಕೆ ಬಂದವು. ಸುಂಕ ಹೋಯಿತು, ಗಡಿಯೂ ಹೋಯಿತು. ನನ್ನ ಓದಿನ ಪ್ರಕಾರ ಈ ಪೈಪೋಟಿಯನ್ನು 'ಸ್ನೇಹದ ಪೈಪೋಟಿ' ಎಂದು ಕರೆಯಬಹುದಾದದ್ದು 1877ರಿಂದ 1889ರವರೆಗಿನ ಈ ಹನ್ನೆರಡು ವರ್ಷಗಳ ನಂತರವೇ.

ಅಳಿದ ಗಡಿ ಆಟದ ಮೈದಾನದಲ್ಲಿ ಉಳಿದುಕೊಂಡದ್ದು ಸ್ವಾರಸ್ಯದ ಸಂಗತಿ. ಲಾರ್ಡ್ಸ್ ಮಿಡ್ಲ್‌ಸೆಕ್ಸ್ ತಂಡದ ಮನೆ, ಓವಲ್ ಸರ್ರಿ ತಂಡದ್ದು. ಈ ಎರಡು ಮೈದಾನಗಳೂ 1889ರಿಂದೀಚೆಗೆ ಆಯಾ ಕೌಂಟಿಯ ಆಡಳಿತದಲ್ಲಿಲ್ಲ. ಇಲ್ಲದ ಗಡಿಯ ಹೆಸರಿನಲ್ಲಿ ಎರಡು ದಂಡೆಗಳು ಇಂದಿಗೂ ಪ್ರತಿ ಬೇಸಿಗೆ ಸೆಣಸುತ್ತವೆ. ಆಕ್ಸ್‌ಫರ್ಡ್–ಕೇಂಬ್ರಿಜ್ ದೋಣಿ ಸ್ಪರ್ಧೆಯಲ್ಲಂತೂ ನೀರಿನಲ್ಲೇ ಗಡಿ ಎಳೆದಿದ್ದಾರೆ. ಪುಟ್ನಿಯಿಂದ ಮಾರ್ಟ್‌ಲೇಕ್‌ವರೆಗಿನ ಸುಮಾರು 6.8 ಕಿಲೋಮೀಟರ್ ಹಾದಿಯಲ್ಲಿ ಉತ್ತರದ ಪಕ್ಕಕ್ಕೆ ಮಿಡ್ಲ್‌ಸೆಕ್ಸ್, ದಕ್ಷಿಣದ ಪಕ್ಕಕ್ಕೆ ಸರ್ರಿ ಎಂದೇ ಹೆಸರು. ನಾಣ್ಯ ಚಿಮ್ಮಿ ಗೆದ್ದ ತಂಡ ತನ್ನ ಪಕ್ಕ ಆರಿಸಿಕೊಳ್ಳುತ್ತದೆ. ಮೊದಲ ಮತ್ತು ಕೊನೆಯ ತಿರುವುಗಳಲ್ಲಿ ಮಿಡ್ಲ್‌ಸೆಕ್ಸ್ ಕಡೆಯವರಿಗೆ ಅನುಕೂಲ, ನಡುವಿನ ಹ್ಯಾಮರ್‌ಸ್ಮಿತ್ ಬಳಿಯ ಉದ್ದನೆಯ ತಿರುವಿನಲ್ಲಿ ಸರ್ರಿಯವರಿಗೆ. ಫುಟ್‌ಬಾಲಿನಲ್ಲಿ ತಂಡಗಳೇ ದಡ ಬದಲಿಸಿದವು. ಉತ್ತರದ ಐಲ್ ಆಫ್ ಡಾಗ್ಸ್‌ನಲ್ಲಿ 1885ರಲ್ಲಿ ಹುಟ್ಟಿದ ಮಿಲ್‌ವಾಲ್ 1910ರಲ್ಲಿ ದಕ್ಷಿಣಕ್ಕೆ ಹೋಯಿತು. ದಕ್ಷಿಣದ ವುಲಿಚ್ ಮದ್ದುಗುಂಡು ಕಾರ್ಖಾನೆಯ ಕಾರ್ಮಿಕರು 1886ರಲ್ಲಿ ಕಟ್ಟಿದ ಆರ್ಸೆನಲ್ 1913ರಲ್ಲಿ ಉತ್ತರದ ಹೈಬರಿ ಸೇರಿತು. ಇಂದು ಉತ್ತರ ಲಂಡನ್ನಿನ ಅಭಿಮಾನಕ್ಕೆ ಆರ್ಸೆನಲ್ ಹೆಸರು, ದಕ್ಷಿಣದ ಕೆಚ್ಚಿಗೆ ಮಿಲ್‌ವಾಲ್ ಹೆಸರು! ದಂಡೆಯ ಗುಣ ಎಂಬುದು ಮಣ್ಣಿನಿಂದ ಬರುತ್ತದೆ ಎನ್ನುವವರು ಈ ಎರಡು ಉದಾಹರಣೆಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಕನ್ನಡಿಗರಿಗೆ ಈ ಲೆಕ್ಕದಲ್ಲಿ ದಕ್ಷಿಣದ ಕಡೆ ವಾಲಲು ಕಾರಣವುಂಟು. 1971ರ ಆಗಸ್ಟ್‌ನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದು ಓವಲ್‌ನಲ್ಲಿ. ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ಉತ್ತರದ ಲಾರ್ಡ್ಸ್‌ನಲ್ಲಿ ಟೆಸ್ಟ್ ಗೆಲ್ಲಲು 1986ರವರೆಗೆ ಕಾಯಬೇಕಾಯಿತು. ಓವಲ್ ಇರುವ ಲ್ಯಾಂಬೆತ್ ಬರೋದಲ್ಲಿಯೇ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಪ್ರಧಾನಿ ನರೇಂದ್ರ ಮೋದಿಯವರಿಂದ ಅನಾವರಣಗೊಂಡಿತು. ಅದಕ್ಕಾಗಿ ಓಡಾಡಿದವರು ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್. ಪ್ರತಿಮೆ ದಕ್ಷಿಣದಲ್ಲಿ, ಪಾರ್ಲಿಮೆಂಟು ನದಿಯಾಚೆ. ಎದುರು ದಡದಿಂದ ಪಾರ್ಲಿಮೆಂಟನ್ನು ದಿಟ್ಟಿಸುವ ಸಂಪ್ರದಾಯವೂ ಹೊಸದಲ್ಲ. ಅಲ್ಲಿಗೆ ಸಮೀಪದಲ್ಲಿಯೇ 1922ರಲ್ಲಿ ತೆರೆದ, ನಗರಾಡಳಿತದ ಕಚೇರಿಯಾಗಿದ್ದ ಕೌಂಟಿ ಹಾಲ್ ಇದೆ. 1980ರ ದಶಕದಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್‌ನ ನಾಯಕ ಕೆನ್ ಲಿವಿಂಗ್‌ಸ್ಟನ್ ಅದರ ನೆತ್ತಿಯ ಮೇಲೆ ನಗರದ ನಿರುದ್ಯೋಗಿಗಳ ಸಂಖ್ಯೆಯನ್ನು ಆಚೆ ದಡದ ಸಂಸದರ ಕಣ್ಣಿಗೆ ಕುಕ್ಕುವಂತೆ ಬರೆಸಿ ನಿಲ್ಲಿಸಿದ್ದರು. 1986ರಲ್ಲಿ ಥ್ಯಾಚರ್ ಸರಕಾರ ಆ ಕೌನ್ಸಿಲನ್ನೇ ರದ್ದು ಮಾಡಿತು.

ದಕ್ಷಿಣದವರನ್ನು ಇಂದು ಹೆಚ್ಚಾಗಿ ಛೇಡಿಸುವುದು ಟ್ಯೂಬ್ ರೈಲಿನ ವಿಷಯಕ್ಕೆ. 272 ನಿಲ್ದಾಣಗಳಲ್ಲಿ ನದಿಯ ದಕ್ಷಿಣಕ್ಕಿರುವುದು ಮೂವತ್ತರ ಆಸುಪಾಸು. ಮಣ್ಣು ಸರಿಯಿಲ್ಲ ಎಂಬುದು ಎಲ್ಲರ ಬಾಯಲ್ಲಿರುವ ಕಾರಣ. ಉತ್ತರದಲ್ಲಿ ಸುರಂಗ ಕೊರೆಯಲು ಹೇಳಿಮಾಡಿಸಿದ ಜೇಡಿ ದಪ್ಪವಾಗಿದೆ, ದಕ್ಷಿಣದ ಹಲವೆಡೆ ಮರಳು, ಗರಸು ಸಿಗುತ್ತದೆ, ಇದು ನಿಜವೇ. ಆದರೆ ಇದು ಅರ್ಧ ಕಾರಣ ಮಾತ್ರ. ಲಂಡನ್ನಿನ ಮೊದಲ ರೈಲು 1836ರಲ್ಲಿ ಓಡಿದ್ದು ದಕ್ಷಿಣದಲ್ಲಿ, ಗ್ರೀನಿಚ್ ಕಡೆಗೆ, ಎಂಟುನೂರಕ್ಕೂ ಮಿಕ್ಕಿದ ಇಟ್ಟಿಗೆ ಕಮಾನುಗಳ ಮೇಲೆ. ಮುಂದೆ ಅಲ್ಲಿ ನೆಲದ ಮೇಲಿನ ಹಳಿಗಳು ಎಷ್ಟು ದಟ್ಟವಾದವೆಂದರೆ ಸುರಂಗ ಕಂಪನಿಗಳಿಗೆ ಗಿರಾಕಿ ಸಿಗುವ ಭರವಸೆ ಉಳಿಯಲಿಲ್ಲ. 1920ರ ದಶಕದಲ್ಲಿ ಟ್ಯೂಬನ್ನು ದಕ್ಷಿಣಕ್ಕೆ ಚಾಚಲು ಹೊರಟಾಗ ಸದರ್ನ್ ರೈಲ್ವೆ ಅಡ್ಡಗಾಲು ಹಾಕಿತು. ರಾಜಿಯಾಗಿ ಹಳಿ 1926ರಲ್ಲಿ ಮಾರ್ಡನ್‌ನಲ್ಲಿ ನಿಂತಿತು. ಇಡೀ ಜಾಲದ ತೀರ ದಕ್ಷಿಣದ ನಿಲ್ದಾಣವಾದ ಮಾರ್ಡನ್ ಇರುವ ಮಾರ್ಗಕ್ಕೆ ನಾರ್ದರ್ನ್ ಲೈನ್ ಎಂದು ಹೆಸರು! ನೆಲದಾಳದ ವಿದ್ಯುತ್ ರೈಲು ಜಗತ್ತಿನಲ್ಲಿ ಮೊದಲು, 1890ರಲ್ಲಿ, ಓಡಿದ್ದೂ ನಗರದಿಂದ ಥೇಮ್ಸ್ ಕೆಳಗೆ ದಕ್ಷಿಣದ ಸ್ಟಾಕ್‌ವೆಲ್‌ಗೆ ಎಂಬುದನ್ನು ಉತ್ತರದವರು ಜಾಣತನದಿಂದ ಮರೆಯುತ್ತಾರೆ.

ಅಂಚೆ ವಿಭಾಗದ್ದು ಇನ್ನೊಂದು ತಮಾಷೆ. 1850ರ ದಶಕದಲ್ಲಿ ಲಂಡನ್ನಿಗೆ ದಿಕ್ಕಿನ ಹೆಸರಿನ ವಲಯಗಳಾದಾಗ 'ದಕ್ಷಿಣ' ಎಂಬ ವಲಯವೂ ಇತ್ತು; 1868ರಲ್ಲಿ ಅದನ್ನು ಆಗ್ನೇಯ, ನೈಋತ್ಯಗಳಿಗೆ ಹಂಚಿ ಕೈಬಿಟ್ಟರು. ಉತ್ತರ ದಂಡೆಯ ಪಾರ್ಲಿಮೆಂಟಿನ ವಿಳಾಸದಲ್ಲಿ ಇರುವುದು 'ನೈಋತ್ಯ 1'.

ಈ ಪೈಪೋಟಿ ಸಮಬಲದವರದಲ್ಲ ಎಂಬುದನ್ನು ಮರೆಮಾಚಬಾರದು. ಟ್ಯಾಕ್ಸಿ ಚಾಲಕರು ಬರೆಯುವ 'ನಾಲೆಜ್' ಪರೀಕ್ಷೆಯನ್ನೇ ನೋಡಿ. 320 ದಾರಿಗಳು, ಸುಮಾರು 25,000 ಬೀದಿಗಳು ಬಾಯಿಪಾಠ ಆಗಬೇಕು. ವೃತ್ತದ ಕೇಂದ್ರ ಉತ್ತರ ದಂಡೆಯ ಚೇರಿಂಗ್ ಕ್ರಾಸ್, ಸುತ್ತ ಆರು ಮೈಲಿ. ಪಟ್ಟಿಯ ಮೊದಲ ದಾರಿ ಮೇನರ್ ಹೌಸ್‌ನಿಂದ ಗಿಬ್ಸನ್ ಸ್ಕ್ವೇರ್‌ಗೆ, ಎರಡೂ ಉತ್ತರದವು. ಅರಮನೆ, ಪಾರ್ಲಿಮೆಂಟು, ಹಣದ ವಹಿವಾಟು ಉತ್ತರದಲ್ಲಿರುವಾಗ ದಕ್ಷಿಣದವನು ಕೆಲಸಕ್ಕೆ ನದಿ ದಾಟಲೇಬೇಕು. ಉತ್ತರದವನಿಗೆ ಆ ದರ್ದಿಲ್ಲ. 'ನಾನು ಆಚೆ ಹೋಗೋದೇ ಇಲ್ಲ' ಎಂಬ ಹಾಸ್ಯ ಉತ್ತರದಲ್ಲಿ ಮಾತ್ರ ಹುಟ್ಟಲು ಇದೇ ಕಾರಣ. ದಕ್ಷಿಣದ ಮರುಜವಾಬು ಬೇರೆ ಧಾಟಿಯದು: ನಿಮಗೆ ಗೊತ್ತಿಲ್ಲದ್ದು ನಮ್ಮಲ್ಲಿದೆ. 1951ರ ಬ್ರಿಟನ್ ಉತ್ಸವ, 1976ರಲ್ಲಿ ಅಲ್ಲಿ ಕಟ್ಟಡ ಪಡೆದ ರಾಷ್ಟ್ರೀಯ ರಂಗಮಂದಿರ, 2000ದ ಟೇಟ್ ಮಾಡರ್ನ್ ಆ ಮಾತಿಗೆ ತೂಕ ಕೊಟ್ಟಿವೆ.

ಇಲ್ಲಿಯವರೆಗೆ ಹೇಳಿದ್ದು ಬಹುಪಾಲು ಟವರ್ ಸೇತುವೆಯ ಪಶ್ಚಿಮದ ಮಾತು. ಪೂರ್ವಕ್ಕೆ ಹೋದರೆ ಚಿತ್ರ ಬೇರೆ. ಹಡಗುಗಳು ಹಾಯ್ದು ಹೋಗಬೇಕಾದ್ದರಿಂದ ಅಲ್ಲಿ ಸೇತುವೆ ಕಟ್ಟಲಿಲ್ಲ. 1894ರ ಟವರ್ ಸೇತುವೆಯಿಂದ ನಗರದ ಹೊರಗಿನ ಡಾರ್ಟ್‌ಫರ್ಡ್‌ವರೆಗೆ ಇಂದಿಗೂ ಒಂದೇ ಒಂದು ರಸ್ತೆ ಸೇತುವೆ ಇಲ್ಲ. ಪಶ್ಚಿಮದ ಸೇತುವೆಗಳ ಸುಂಕ ತೆಗೆಯಲು ನಮ್ಮ ತೆರಿಗೆಯೂ ಖರ್ಚಾಗಿದೆ, ನಮಗೇನು ಕೊಟ್ಟಿರಿ ಎಂದು ಪೂರ್ವದವರು ಪಟ್ಟು ಹಿಡಿದದ್ದರ ಫಲ 1889ರ ವುಲಿಚ್ ಉಚಿತ ಹಾಯಿಗಡ. 1897ರಲ್ಲಿ ಬ್ಲ್ಯಾಕ್‌ವಾಲ್ ಸುರಂಗವೂ ಸುಂಕವಿಲ್ಲದೆ ತೆರೆಯಿತು. 2025ರ ಏಪ್ರಿಲ್ 7ರಂದು ಪಕ್ಕದಲ್ಲೇ ಸಿಲ್ವರ್‌ಟೌನ್ ಸುರಂಗ ಉದ್ಘಾಟನೆಯಾದಾಗ ಎರಡಕ್ಕೂ ಸುಂಕ ಹಾಕಿದರು. ಪಶ್ಚಿಮದ ಸೇತುವೆಗಳಿಗೆ ಹಾಗೆ ಹಾಕಲಿಲ್ಲ. ಪೂರ್ವದಲ್ಲಿ ಈಗ ಕೇಳಿಬರುವುದು ಆಚೆ ದಡದವರ ಮೇಲಿನ ನಗೆಚಾಟಿಕೆಯಲ್ಲ, ದಾಟುವ ದರದ ಮೇಲಿನ ತಕರಾರು. ಥೇಮ್ಸ್‌ನ ಎರಡು ದಂಡೆಗಳನ್ನು ಮುಂದೆ ಅಧ್ಯಯನಕ್ಕೆ ಎತ್ತಿಕೊಳ್ಳುವವರು ಪಶ್ಚಿಮದ ಪಬ್ಬುಗಳ ಹರಟೆಯನ್ನು ಬದಿಗಿಟ್ಟು ವುಲಿಚ್‌ನ ಕಡವಿನಿಂದ ಕೆಲಸ ಶುರು ಮಾಡಬೇಕು.