ಶಿಖಂಡಿ

ಸಂಸ್ಕೃತದ ‘ಶಿಖಂಡ’ ಎಂದರೆ ಜುಟ್ಟು, ನವಿಲಿನ ಗರಿ. ಅದುಳ್ಳದ್ದು ಶಿಖಂಡಿ, ನವಿಲಿಗೂ ಇದೇ ಹೆಸರು. ಇಂಥ ಚೆಂದದ ಪದವನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ. ಮರೆಯಲ್ಲಿ ನಿಂತವನಿಗೂ ಅದೇ, ನಡಿಗೆ ನಾಜೂಕಾದ ಹುಡುಗನಿಗೂ ಅದೇ. ಇದು ಅನ್ಯಾಯ.

ಮಹಾಭಾರತದ ಶಿಖಂಡಿ ಹಿಂದಿನ ಜನ್ಮದಲ್ಲಿ ಅಂಬೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ‘ಭೀಷ್ಮ ವಿಜಯ’ ಯಕ್ಷಗಾನ ಪ್ರಸಂಗ ನೋಡಿದವರಿಗೆ ಅಂಬೆಯ ಸಂಕಟ ಗೊತ್ತು. ಭೀಷ್ಮ ಹೊತ್ತು ತಂದ, ಸಾಲ್ವ ಒಲ್ಲೆನೆಂದ, ಭೀಷ್ಮನೂ ಕೈಹಿಡಿಯಲಿಲ್ಲ. ಬಡಗುತಿಟ್ಟಿನಲ್ಲಿ ಆ ಅಳಲನ್ನು ಸ್ತ್ರೀವೇಷ ಕಟ್ಟಿದ ಗಂಡಸು ಆಡಿ ತೋರಿಸುವಾಗ, ನೋಡುವವರ ಕಣ್ಣಿಗೆ ಅಲ್ಲಿರುವುದು ಅಂಬೆ ಮಾತ್ರ.

ಮುಂದಿನದು ಉದ್ಯೋಗಪರ್ವದಲ್ಲಿದೆ. ಅಂಬೆ ದ್ರುಪದನ ಮಗಳಾಗಿ ಮತ್ತೆ ಹುಟ್ಟಿ, ಶಿಖಂಡಿ ಎಂಬ ಮಗನೆಂದು ಬೆಳೆದು, ದಶಾರ್ಣದ ರಾಜಕುಮಾರಿಯನ್ನು ಮದುವೆಯಾಗಿ, ಗುಟ್ಟು ರಟ್ಟಾದಾಗ ಸಾಯಲೆಂದು ಕಾಡು ಸೇರುತ್ತಾಳೆ. ಅಲ್ಲಿ ಸ್ಥೂಣಾಕರ್ಣನೆಂಬ ಯಕ್ಷ ಮರುಗಿ, ತನ್ನ ಗಂಡುತನವನ್ನೇ ಕೊಡುತ್ತಾನೆ. ಇಡೀ ಕಥೆಯಲ್ಲಿ ಅವಳ ನೋವು ಕೇಳಿ, ಬೇಕಾದ್ದನ್ನು ತನ್ನ ಮೈಯಿಂದಲೇ ತೆಗೆದುಕೊಟ್ಟವನು ಅವನೊಬ್ಬ.

ಗ್ರೀಕ್ ಪುರಾಣದ ಕೈನಿಸ್ ಕೂಡ ಪೊಸೈಡನ್‌ನ ಬಲಾತ್ಕಾರದ ಬಳಿಕ ಗಂಡಾಗುವ ವರ ಬೇಡಿ ಕೈನಿಯಸ್ ಆದವಳು. ಮೆಡಲಿನ್ ಮಿಲ್ಲರ್ 2011ರ ಕಾದಂಬರಿಯಲ್ಲಿ ಅದೇ ಪುರಾಣದ ವೀರರಾದ ಅಕಿಲೀಸ್–ಪೆಟ್ರೋಕ್ಲಸರನ್ನು ಪ್ರೇಮಿಗಳಾಗಿ ಬರೆದರು. ಶಿಖಂಡಿ ಮತ್ತು ಆ ದಶಾರ್ಣದ ಹುಡುಗಿಯ ದಾಂಪತ್ಯಕ್ಕೂ ಕನ್ನಡದಲ್ಲಿ ಅಂಥದೊಂದು ಪ್ರಸಂಗ ಬೇಕು. ಬರೆಯಬಲ್ಲ ಪದ್ಯಕಾರರು ಮಲೆನಾಡಿನಲ್ಲೇ ಇದ್ದಾರೆ.