ಬೂ ಡಾಟ್ ಕಾಮ್: ಬಾಗಿಲಲ್ಲೇ ಗಿರಾಕಿಯನ್ನು ಕಾಯಿಸಿದ ಅಂಗಡಿ

ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ನನಗೆ ಹಳೇ ವೆಬ್‌ಸೈಟುಗಳ ಇತಿಹಾಸ ಓದುವ ಹುಚ್ಚು ಹಿಡಿದಿದೆ. ಅದರಲ್ಲಿ ಬಹಳ ಕಾಡಿದ್ದು ಬೂ ಡಾಟ್ ಕಾಮ್ ಕಥೆ. ಅದು ಮುಳುಗುವಾಗ ನಾನಿನ್ನೂ ಸ್ಲೇಟು ಹಿಡಿಯದ ಮಗು!

ಲಂಡನ್ನಿನ ಈ ಕಂಪನಿಯನ್ನು 1998ರಲ್ಲಿ ಶುರು ಮಾಡಿದವರು ಸ್ವೀಡನ್ನಿನ ಅರ್ನ್ಸ್ಟ್ ಮಾಲ್ಮ್‌ಸ್ಟೆನ್, ಕಾಯ್ಸಾ ಲಿಯಾಂಡರ್ ಮತ್ತು ಪ್ಯಾಟ್ರಿಕ್ ಹೆಡೆಲಿನ್. ಫ್ಯಾಷನ್ ಬಟ್ಟೆಗಳನ್ನು ಇಂಟರ್ನೆಟ್ಟಿನಲ್ಲಿ ಮಾರುವುದು ಅವರ ಕನಸು. ಹೇಳಿದ ದಿನ ದಾಟಿ ತಿಂಗಳುಗಳೇ ಕಳೆದ ಮೇಲೆ, 1999ರ ನವೆಂಬರಿನಲ್ಲಿ ಸೈಟು ತೆರೆಯಿತು. ಬಟ್ಟೆಯನ್ನು ತಿರುಗಿಸಿ ನೋಡಬಹುದು, ಗೊಂಬೆಗೆ ತೊಡಿಸಿ ನೋಡಬಹುದು, ಸಲಹೆ ಕೊಡಲು 'ಮಿಸ್ ಬೂ' ಎಂಬ ಕಾರ್ಟೂನ್ ಹುಡುಗಿ ಬೇರೆ. ಈಗ ಕೇಳಿದರೂ ಆಹಾ ಅನ್ನಿಸುತ್ತೆ ಅಲ್ವಾ?

ಆದರೆ ಆಗ ಬಹುತೇಕ ಮನೆಗಳಲ್ಲಿ ಇದ್ದದ್ದು ಫೋನ್ ಲೈನಿನ ಮೋಡೆಮ್. 56ಕೆ ಮೋಡೆಮ್ ಪೂರ್ತಿ ವೇಗದಲ್ಲಿ ಓಡಿದರೂ ಸೆಕೆಂಡಿಗೆ 7 ಕಿಲೋಬೈಟ್ ಅಷ್ಟೇ. ಅಂದರೆ 350 ಕಿಲೋಬೈಟಿನ ಒಂದು ಪುಟಕ್ಕೆ 50 ಸೆಕೆಂಡು! ಫ್ಲ್ಯಾಶ್, ಜಾವಾಸ್ಕ್ರಿಪ್ಟ್ ತುಂಬಿದ್ದ ಬೂ ಸೈಟು ತೆವಳುತ್ತಿತ್ತು. ಶುರುವಿನಲ್ಲಿ ಮ್ಯಾಕ್ ಕಂಪ್ಯೂಟರುಗಳಲ್ಲಿ ಅದು ಕೆಲಸವನ್ನೇ ಮಾಡುತ್ತಿರಲಿಲ್ಲ. ಅಂಗಡಿ ಥಳಥಳ ಅನ್ನುತ್ತಿತ್ತು, ಗಿರಾಕಿ ಮಾತ್ರ ಹೊಸ್ತಿಲಲ್ಲೇ ನಿಂತಿದ್ದ.

2000ದ ಮೇ 18ರಂದು ಬೂ ಬಾಗಿಲು ಮುಚ್ಚಿತು. ಹದಿನೆಂಟು ತಿಂಗಳಲ್ಲಿ ಕರಗಿದ್ದು ಸುಮಾರು 13.5 ಕೋಟಿ ಡಾಲರ್. ನೂರಾರು ಜನ ಕೆಲಸ ಕಳೆದುಕೊಂಡರು. ಸೈಟೊಂದೇ ಕಾರಣ ಅನ್ನುವುದು ತಪ್ಪಾದೀತು. ದುಂದುವೆಚ್ಚವಿತ್ತು, ಒಮ್ಮೆಗೇ ಹತ್ತಾರು ದೇಶಗಳಲ್ಲಿ ಮಾರುವ ಅವಸರವಿತ್ತು, ಆ ಮಾರ್ಚಿನ ನಂತರ ಡಾಟ್ ಕಾಮ್ ಷೇರುಗಳೂ ಕುಸಿದಿದ್ದವು. ಆದರೆ ಬಂದ ಗಿರಾಕಿ ಕೊಳ್ಳದೆ ವಾಪಸ್ ಹೋದರೆ ಯಾವ ಬಂಡವಾಳ ತಾನೇ ಕಾಯುತ್ತೆ ಹೇಳಿ?

ಅದೇ ಕಾಲದಲ್ಲಿ ಅಮೆಜಾನ್ ಬೇರೆ ದಾರಿ ಹಿಡಿದಿತ್ತು. ಒಂದೇ ಕ್ಲಿಕ್ಕಿಗೆ ಖರೀದಿ ಮುಗಿಸುವ ವಿಧಾನಕ್ಕೆ 1999ರ ಸೆಪ್ಟೆಂಬರಿನಲ್ಲಿ ಪೇಟೆಂಟ್ ಪಡೆಯಿತು. ಬೂ ನೋಟಕ್ಕೆ ಹೊಸದನ್ನು ಸೇರಿಸುತ್ತಿದ್ದಾಗ, ಅಮೆಜಾನ್ ಗಿರಾಕಿಯ ಕೆಲಸ ಕಡಿಮೆ ಮಾಡುತ್ತಿತ್ತು.

ಈಗ ನಾವು ಆಫೀಸಿನ ಫೈಬರ್ ಲೈನಿನಲ್ಲಿ, ದುಬಾರಿ ಲ್ಯಾಪ್‌ಟಾಪಿನಲ್ಲಿ ಸೈಟು ಕಟ್ಟುತ್ತೇವೆ. ಅದನ್ನು ತೆರೆಯುವವರು ಮಲೆನಾಡಿನ ಯಾವುದೋ ಊರಲ್ಲಿ, ಒಂದು ಕಡ್ಡಿ ಸಿಗ್ನಲ್ಲಿಗಾಗಿ ಅಂಗಳಕ್ಕೆ ಬಂದು ನಿಂತಿರಬಹುದು. ಸೈಟು ಚೆನ್ನಾಗಿದೆಯಾ ಅಂತ ಕೇಳಬೇಕಾದ್ದು ಅವರನ್ನು, ನಮ್ಮ ಮಾನಿಟರನ್ನಲ್ಲ.